ಗಾತ್ರ, ವಿಭಜನೆ ಮತ್ತು ಹತೋಟಿ: ಬೆಂಗಳೂರಿನ ನಗರಾಡಳಿತವನ್ನು ಕುರಿತು ಒಂದು ವಿಮರ್ಶೆ

ಸಂಸ್ಥೆಯೊಂದು ಬೆಳೆದಂತೆಲ್ಲ ಅದರ ಮೇಲಣ ಹತೋಟಿ ಸಡಿಲವಾಗುವುದೆಂದೂ, ಅದನ್ನು ಒಡೆದರೆ ಹತೋಟಿ ಮರಳುವುದೆಂದೂ ವಾದಿಸುವುದು ರೂಢಿಯಾಗಿದೆ. ಬೆಂಗಳೂರನ್ನು ಐದು ನಗರಪಾಲಿಕೆಗಳಾಗಿ ವಿಭಾಗಿಸಲು ಎಡೆಮಾಡಿಕೊಟ್ಟ 2024ರ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಹಿನ್ನೆಲೆಯಲ್ಲಿರುವುದೂ ಈ ವಾದವೇ. ನಗರದ ಉತ್ತರಭಾಗದ ಅನುಭವದಿಂದ ಇದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

1862ರಿಂದ ಪೇಟೆಗೂ ದಂಡುಪ್ರದೇಶಕ್ಕೂ ಬೇರೆಬೇರೆ ಪೌರಾಡಳಿತಗಳಿದ್ದವು. 1949ರಲ್ಲಿ ಅವೆರಡೂ ಒಂದಾದವು. 2007ರ ವಿಲೀನದ ಪ್ರಮಾಣವಾದರೋ ಬಹು ದೊಡ್ಡದು. ಯಲಹಂಕ, ಬ್ಯಾಟರಾಯನಪುರಗಳೂ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಮಹಾನಗರ ಪಾಲಿಕೆಯೊಳಗೆ ಸೇರಿದವು. ಸುಮಾರು 226 ಚದರ ಕಿಲೋಮೀಟರಿದ್ದ ವಿಸ್ತೀರ್ಣ 700ನ್ನು ಮೀರಿತು. ತನ್ನದೇ ಅಧ್ಯಕ್ಷರನ್ನೂ ಸದಸ್ಯರನ್ನೂ ಪಡೆದಿದ್ದ ಯಲಹಂಕವು ಬೃಹತ್ ಸಂಸ್ಥೆಯ ಒಂದು ವಲಯವಾಯಿತು.

ಆದರೆ ಹತೋಟಿ ತಪ್ಪಿದುದಕ್ಕೆ ಗಾತ್ರವೊಂದೇ ಕಾರಣವೆ? ಬೃಹತ್ ಪಾಲಿಕೆಗೆ ಮೊದಲ ಚುನಾವಣೆ ನಡೆದುದು 2010ರಲ್ಲಿ, 198 ವಾರ್ಡುಗಳಿಗೆ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದ ಮೇಲೆ 2025ರ ವಿಭಜನೆಯವರೆಗೆ ಚುನಾವಣೆಯೇ ನಡೆಯಲಿಲ್ಲ. ಹದಿನೆಂಟು ವರ್ಷಗಳ ಬಾಳಿನಲ್ಲಿ ಎಂಟು ವರ್ಷಗಳಷ್ಟು ಕಾಲ ಅಧಿಕಾರಿಗಳೇ ಆಳಿದ ಸಂಸ್ಥೆಯ ದೋಷಗಳನ್ನೆಲ್ಲ ಅದರ ವಿಸ್ತೀರ್ಣದ ಮೇಲೆ ಹೊರಿಸುವುದು ಇತಿಹಾಸದೃಷ್ಟಿಯಿಂದ ಒಪ್ಪತಕ್ಕುದಲ್ಲ.

ಎರಡನೆಯದಾಗಿ, ಹೆಬ್ಬಾಳವನ್ನು ಗಮನಿಸಬಹುದು. ಅಲ್ಲಿಯ ಮೇಲ್ಸೇತುವೆಯನ್ನು ಕಟ್ಟಿದುದು 1976ರಲ್ಲಿ ಸ್ಥಾಪಿತವಾದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಬಳ್ಳಾರಿ ರಸ್ತೆ ಅಲ್ಲಿ ರಾಷ್ಟ್ರೀಯ ಹೆದ್ದಾರಿ. ನೀರು ಮತ್ತು ಒಳಚರಂಡಿ 1964ರ ಜಲಮಂಡಳಿಯವು. ಇವುಗಳಲ್ಲಿ ಒಂದೂ ನಗರಪಾಲಿಕೆಯ ಅಧೀನದಲ್ಲಿರಲಿಲ್ಲ. ಪಾಲಿಕೆ ಚಿಕ್ಕದಾಗಿದ್ದಾಗಲೂ ಈ ತೊಡಕಿತ್ತು, ದೊಡ್ಡದಾದಾಗಲೂ ಉಳಿಯಿತು.

ಗಾತ್ರದ ವಾದದಲ್ಲಿ ಸತ್ಯಾಂಶವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕಾರ್ಯಭಾರ ವಿಸ್ತರಿಸಿದಂತೆ ಶ್ರೇಣೀಕೃತ ಅಧಿಕಾರವೂ ಲಿಖಿತ ಕಡತವೂ ಬೇರೂರುವುವೆಂದು ಮ್ಯಾಕ್ಸ್ ವೇಬರ್ ತೋರಿಸಿದ್ದಾನೆ. ಆದರೆ ಗಾತ್ರ ಕುಗ್ಗಿದರೆ ಅಧಿಕಾರಿವರ್ಗವೂ ಕುಗ್ಗುವುದೆಂಬುದಕ್ಕೆ ಆಧಾರವಿಲ್ಲ. ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 1914ರಿಂದ 1928ರೊಳಗೆ 62ರಿಂದ 20ಕ್ಕೆ ಇಳಿದರೂ, ಅದರ ಕೇಂದ್ರ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದುದನ್ನು ಇತಿಹಾಸಕಾರ ಪಾರ್ಕಿನ್‌ಸನ್ 1955ರಲ್ಲಿಯೇ ಎತ್ತಿ ತೋರಿದನು.

2025ರ ಸೆಪ್ಟೆಂಬರಿನಲ್ಲಿ ರಚಿತವಾದ ಐದು ಪಾಲಿಕೆಗಳಲ್ಲಿ ಯಲಹಂಕ, ಹೆಬ್ಬಾಳಗಳು ಉತ್ತರ ನಗರಪಾಲಿಕೆಗೆ ಸೇರಿದುವು. ಆಡಳಿತ ಜನರಿಗೆ ಸಮೀಪವಾಗಲು ಇದು ನೆರವಾಗಬಲ್ಲುದು. ಆ ಗುಣವನ್ನು ಒಪ್ಪಲೇಬೇಕು. ಆದರೆ ಮೇಲೆ ಹೇಳಿದ ಮಂಡಳಿ, ಪ್ರಾಧಿಕಾರಗಳ ಸಮನ್ವಯವನ್ನು ಅಧಿನಿಯಮವು ಪಾಲಿಕೆಗಳಿಗೆ ಕೊಡದೆ, ಮುಖ್ಯಮಂತ್ರಿಗಳು ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ವಹಿಸಿದೆ. ಸಂಸ್ಥೆ ಕಿರಿದಾಯಿತು, ನಿರ್ಣಯದ ಸ್ಥಾನ ಮೇಲೇರಿತು. ಯಲಹಂಕದ ಮತದಾರನು ಚುನಾಯಿಸುವ ಸದಸ್ಯನಿಗೆ ಅಲ್ಲಿಯ ರಸ್ತೆ, ನೀರು, ಚರಂಡಿಗಳ ಮೇಲೆ ಎಷ್ಟು ಅಧಿಕಾರವಿದೆ, ಅವನನ್ನು ಆರಿಸುವ ಚುನಾವಣೆ ಸಕಾಲಕ್ಕೆ ನಡೆಯುವುದೆ ಎಂಬೆರಡು ಪ್ರಶ್ನೆಗಳಿಂದಲೇ ಈ ವಿಭಜನೆಯ ಬೆಲೆಯನ್ನು ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ.