‘ಆಗಿದ್ದಾನೆ’ ಎಂಬ ಅನುವಾದ: ಆರಂಭಿಕ ಇಂಗ್ಲಿಷ್ ಬೋಧನೆಯ ಒಂದು ವಿಮರ್ಶೆ

ಇಂಗ್ಲಿಷಿನ ‘ಹಿ ಈಸ್ ಎ ಡಾಕ್ಟರ್’ ವಾಕ್ಯವನ್ನು ಕನ್ನಡಿಗ ವಿದ್ಯಾರ್ಥಿಗಳಿಗೆ ‘ಅವನು ವೈದ್ಯನಾಗಿದ್ದಾನೆ’ ಎಂದು ವಿವರಿಸುವ ರೂಢಿಯಿದೆ. ‘ಈಸ್’ ಪದಕ್ಕೊಂದು ಸ್ಥಾನ ತೋರಿಸುವ ಅನುಕೂಲ ಅದಕ್ಕಿದ್ದರೂ ನಾವು ಅದನ್ನು ಒಪ್ಪಲಾರೆವು. ಕನ್ನಡದ ಸಹಜ ವಾಕ್ಯ ‘ಅವನು ವೈದ್ಯ’, ಅಲ್ಲಿ ಕ್ರಿಯಾಪದವಿಲ್ಲ. ‘ಅವಳು ಮನೆಯಲ್ಲಿದ್ದಾಳೆ’ ಎಂಬಲ್ಲಿ ‘ಇರು’ ಧಾತು ಅನಿವಾರ್ಯ. ನಿಷೇಧದಲ್ಲಿ ಈ ಭೇದ ನಿಚ್ಚಳ: ‘ವೈದ್ಯನಲ್ಲ’, ‘ಮನೆಯಲ್ಲಿಲ್ಲ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಈಸ್ ನಾಟ್’ ಒಂದೇ.

‘ಆಗಿದ್ದಾನೆ’ ಎಂಬ ಅನುವಾದ ಈ ಭೇದವನ್ನೇ ಅಳಿಸುತ್ತದೆ. ಆಗ ‘ಹಿ ಡಾಕ್ಟರ್’ ಎಂಬ ತಪ್ಪು ಅಜಾಗರೂಕತೆಯೆಂದು ತೋರುತ್ತದೆ. ವಸ್ತುತಃ ಅದು ತಾಯ್ನುಡಿಯ ನಿಯಮದ ಪಾಲನೆ. ಮತ್ತೊಂದೆಡೆ, ‘ನನಗೆ ತಂಗಿಯಿದ್ದಾಳೆ’ ಎಂಬಲ್ಲಿ ‘ಇರು’ ಇದ್ದರೂ ಇಂಗ್ಲಿಷ್ ‘ಹ್ಯಾವ್’ ಬಯಸುತ್ತದೆ. ಆದ್ದರಿಂದ ‘ಆಮ್, ಈಸ್, ಆರ್’ ಕೋಷ್ಟಕಕ್ಕಿಂತ ಮೊದಲು ‘ಅಲ್ಲ’, ‘ಇಲ್ಲ’ಗಳ ಭೇದವನ್ನು ವಿದ್ಯಾರ್ಥಿಯೇ ಗುರುತಿಸುವಂತೆ ಮಾಡುವುದು ಬೋಧನೆಯ ಸರಿಯಾದ ಆರಂಭವೆಂಬುದು ನಮ್ಮ ವಾದ.