ಲೆಕ್ಕ ಸರಿ, ನಿರ್ಧಾರ ತಪ್ಪು

ಮಂಡ್ಯದ ಪಿಇಎಸ್ ಕಾಲೇಜಿನಲ್ಲಾಗಲಿ, ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಾಗಲಿ, ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಯಾರನ್ನಾದರೂ ‘ರೇಸ್ ಕಂಡಿಷನ್ ಎಂದರೇನು’ ಎಂದು ಕೇಳಿ ನೋಡಿ. ಕೌಂಟರ್‌ನಲ್ಲಿ 5 ಇತ್ತು, ಒಬ್ಬ ಒಂದು ಕೂಡಿದ, ಇನ್ನೊಬ್ಬ ಒಂದು ಕಳೆದ, 5 ಉಳಿಯಬೇಕಾದಲ್ಲಿ 4 ಆಯಿತು, ಇಲ್ಲವೇ 6 ಆಯಿತು: ಉತ್ತರ ಹೆಚ್ಚುಕಡಿಮೆ ಇದೇ. ಸಿಲ್ಬರ್‌ಶಾಟ್ಸ್, ಗ್ಯಾಲ್ವಿನ್, ಗ್ಯಾನ್ಯೆ ಬರೆದ ‘ಆಪರೇಟಿಂಗ್ ಸಿಸ್ಟಮ್ ಕಾನ್ಸೆಪ್ಟ್ಸ್’ ಎಂಬ, ಮುಖಪುಟದಲ್ಲಿ ಡೈನೋಸಾರ್‌ಗಳಿರುವ ಪುಸ್ತಕದ ಉದಾಹರಣೆ ಅದು. ವಿಟಿಯು ಪಠ್ಯಕ್ರಮದ ಮೂಲಕ ರಾಜ್ಯದ ತಲೆಮಾರುಗಳು ಅದನ್ನು ಬಾಯಿಪಾಠ ಮಾಡಿವೆ. ಆ ಪುಟಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ತಕರಾರು.

ಪುಟದ ಗುಣವನ್ನು ಮೊದಲು ಒಪ್ಪಿಬಿಡೋಣ. ‘ಕೌಂಟರ್++’ ನೋಡಲು ಒಂದೇ ಹೆಜ್ಜೆ. ಯಂತ್ರದ ಮಟ್ಟದಲ್ಲಿ ಮೂರು. ಬೆಲೆಯನ್ನು ರಿಜಿಸ್ಟರಿಗೆ ತರಬೇಕು, ಅಲ್ಲಿ ಒಂದು ಕೂಡಬೇಕು, ಮತ್ತೆ ಮೆಮೊರಿಗೆ ಬರೆಯಬೇಕು. ಬಫರಿಗೆ ವಸ್ತು ಹಾಕಿ ಒಂದು ಕೂಡುವ ಉತ್ಪಾದಕ, ವಸ್ತು ತೆಗೆದು ಒಂದು ಕಳೆಯುವ ಗ್ರಾಹಕ, ಇಬ್ಬರೂ 5 ಅನ್ನು ಓದಿಕೊಂಡು, ಒಬ್ಬ 6 ಬರೆದು, ಅದರ ಮೇಲೆ ಮತ್ತೊಬ್ಬ 4 ಬರೆದರೆ, ಬಫರಿನಲ್ಲಿ ಐದು ವಸ್ತುಗಳಿದ್ದೂ ಲೆಕ್ಕ ನಾಲ್ಕೆನ್ನುತ್ತದೆ. ಇದಕ್ಕಿಂತ ಚುರುಕಾಗಿ ಹೇಳುವುದು ಕಷ್ಟ.

ತೊಂದರೆ ಆ ಚುರುಕಿನಲ್ಲೇ ಇದೆ. ಮೂರು ಹೆಜ್ಜೆ ಒಡೆದುಕೊಂಡದ್ದೇ ರೋಗ ಎಂದ ಮೇಲೆ ಮೂರನ್ನೂ ಒಡೆಯಲಾಗದ ಒಂದೇ ಕ್ರಿಯೆಯಾಗಿ, ಅಂದರೆ ‘ಅಟಾಮಿಕ್’ ಆಗಿ, ಬೆಸೆಯುವುದೇ ಮದ್ದು ಎಂದು ವಿದ್ಯಾರ್ಥಿ ತೀರ್ಮಾನಿಸುತ್ತಾನೆ. ಆ ಮದ್ದು ಕೈಗೆಟುಕುವಷ್ಟು ಹತ್ತಿರದಲ್ಲೂ ಇದೆ. ಇಂಟೆಲ್ ಯಂತ್ರದಲ್ಲಿ ‘ಲಾಕ್’ ಪೂರ್ವಪದವಿದೆ, ಜಾವಾದಲ್ಲಿ 2004ರಿಂದ ‘ಅಟಾಮಿಕ್‌ಇಂಟೀಜರ್’ ಇದೆ, ಸಿ ಭಾಷೆಗೆ 2011ರ ಮಾನಕದಲ್ಲೇ ಅಟಾಮಿಕ್ ಬಂದಿದೆ. ಕೌಂಟರನ್ನು ಅಟಾಮಿಕ್ ಮಾಡಿದರೆ ಕತೆ ಮುಗಿಯಿತೇ?

ಅದೇ ಉದಾಹರಣೆಯ ಕೋಡನ್ನು ಸ್ವಲ್ಪ ಮೇಲಿನಿಂದ ಓದಿ. ಗ್ರಾಹಕ ಮೊದಲು ಮಾಡುವುದು ಕಳೆಯುವ ಕೆಲಸವಲ್ಲ. ಕೌಂಟರ್ ಸೊನ್ನೆಯಾಗಿರುವಷ್ಟು ಕಾಲ ಅವನು ಲೂಪಿನಲ್ಲಿ ಕಾಯುತ್ತಾನೆ, ಸೊನ್ನೆಯಲ್ಲ ಎಂದು ಕಂಡೊಡನೆ ಬಫರಿಗೆ ಕೈ ಹಾಕುತ್ತಾನೆ, ಕಳೆಯುವುದು ಕಟ್ಟಕಡೆಗೆ. ನಿರ್ಧಾರವಾಗುವುದು ಮೊದಲ ಸಾಲಿನಲ್ಲಿ, ಪುಸ್ತಕ ದೀಪ ಹಿಡಿಯುವುದು ಕೊನೆಯ ಸಾಲಿಗೆ. ಉದಾಹರಣೆಯಲ್ಲಿರುವುದು ಒಬ್ಬನೇ ಉತ್ಪಾದಕ, ಒಬ್ಬನೇ ಗ್ರಾಹಕ. ಅಟಾಮಿಕ್ ಎಣಿಕೆಯಿಂದ ಕೆಲಸ ಸಾಗಬಲ್ಲ ಅಪರೂಪದ ಸಂದರ್ಭವೇ ಅದು. ಅಲ್ಲಿಯೂ ಒಂದು ಷರತ್ತುಂಟು: ಎಣಿಕೆ ಏರಿದ್ದು ಕಾಣುವ ಮೊದಲೇ ಬಫರಿಗೆ ಬರೆದದ್ದು ಗ್ರಾಹಕನಿಗೆ ಕಾಣಬೇಕು. ಆ ಕ್ರಮದ ಸುದ್ದಿಯನ್ನು ಆ ಮೂರು ಹೆಜ್ಜೆಗಳ ವಿವರಣೆ ಎತ್ತುವುದಿಲ್ಲ.

ಗ್ರಾಹಕ ಒಬ್ಬನೇ ಅಲ್ಲದಾಗ ಅಟಾಮಿಕ್ ಎಣಿಕೆ ಸಾಲದೆಂಬುದು 2018ರ ಹತ್ತನೆಯ ಆವೃತ್ತಿಯ ಲೇಖಕರಿಗೆ ಗೊತ್ತು. ಅಟಾಮಿಕ್ ವೇರಿಯಬಲ್‌ಗಳ ಕಿರುಭಾಗದಲ್ಲಿ ಅವರು ಬರೆಯುವ ಸನ್ನಿವೇಶ ಹೀಗಿದೆ: ಬಫರ್ ಖಾಲಿ, ಇಬ್ಬರು ಗ್ರಾಹಕರು ಕಾಯುತ್ತಿದ್ದಾರೆ, ಉತ್ಪಾದಕ ಒಂದೇ ವಸ್ತು ಹಾಕುತ್ತಾನೆ, ಎಣಿಕೆ ನಿಖರವಾಗಿ 1, ಇಬ್ಬರೂ ಅದನ್ನು ನೋಡಿ ಒಳಗೆ ನುಗ್ಗುತ್ತಾರೆ. ಇಡೀ ಅಧ್ಯಾಯದ ತಿರುಳು ಇದು. ಆದರೆ ಸಿಕ್ಕಿರುವುದು ಒಂದು ಪ್ಯಾರಾ. ಕನ್ನಂಬಾಡಿ ನೀರಿನ ಕೊನೆ ಭಾಗವಾದ ಮಳವಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಇಬ್ಬರು ನೀರುಗಂಟಿಗಳು ಒಂದೇ ಮಾಪಕ ನೋಡಿ, ಒಂದು ತೂಬಿಗಾಗುವಷ್ಟು ನೀರಿದೆಯೆಂದು ತಮ್ಮ ತಮ್ಮ ತೂಬು ಎತ್ತಿದರೆ, ಮಾಪಕ ಸುಳ್ಳು ಹೇಳಿರುವುದಿಲ್ಲ, ಆದರೂ ಕೊನೆಯ ಗದ್ದೆ ಒಣಗುತ್ತದೆ.

ಇಲ್ಲಿ ಎರಡು ಗುಂಪಿನ ವಿಮರ್ಶಕರನ್ನು ಎದುರಿಸಬೇಕು. ‘ಲಾಕ್ ನಿಧಾನ, ಅಟಾಮಿಕ್ ವೇಗ’ ಎನ್ನುವವರು ಮೊದಲನೆಯವರು. ಪೈಪೋಟಿ ಇಲ್ಲದಾಗ ಲಿನಕ್ಸಿನ ಮ್ಯೂಟೆಕ್ಸ್ ಎಂಬ ಲಾಕನ್ನು ಹಿಡಿಯುವುದೂ ಒಂದೇ ಅಟಾಮಿಕ್ ಕ್ರಿಯೆಯಲ್ಲಿ ಮುಗಿಯುತ್ತದೆ ಎಂಬುದನ್ನು ಇವರು ಮರೆಯುತ್ತಾರೆ. ಪೈಪೋಟಿ ಇದ್ದಾಗ ಅಟಾಮಿಕ್ ಕೌಂಟರೂ ಬಡವಾಗುತ್ತದೆ: ಒಂದು ಅಂಕಿಗಾಗಿ 64 ಬೈಟಿನ ಇಡೀ ಕ್ಯಾಶ್ ಲೈನ್ ಕೋರಿನಿಂದ ಕೋರಿಗೆ ಅಲೆಯುತ್ತದೆ. 2014ರ ಜಾವಾ 8ರಲ್ಲಿ ಎಣಿಕೆಯನ್ನು ಹಲವು ಕೋಶಗಳಿಗೆ ಹಂಚುವ ‘ಲಾಂಗ್‌ಆಡರ್’ ಬಂದದ್ದು ಅದಕ್ಕೇ. ಎರಡನೆಯವರು, ‘ಇದೆಲ್ಲ ಕರ್ನಲ್ ಬರೆಯುವವರ ತಲೆನೋವು, ಜಿಲ್ಲೆಯ ಹುಡುಗರಿಗೇಕೆ’ ಎನ್ನುವ ಹಿರಿಯರು. ಕರ್ನಲ್ ಎಲ್ಲೋ ದೂರದಲ್ಲಿ ಬರೆಯುವಂಥದ್ದು ಎಂಬ ಈ ಭಾವನೆಯೇ ಹುಸಿ.

ಮಂಡ್ಯದಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಐಬಿಎಂನ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ದೀಪಂಕರ್ ಶರ್ಮಾ ಮತ್ತು ರವಿಕಿರಣ್ ತಿರುಮಲೈ ಮಾಡಿದ ಕೆಲಸ 2005ರಲ್ಲಿ ಲಿನಕ್ಸ್ 2.6.14ಕ್ಕೆ ಸೇರಿತು. ಲಾಕ್ ಹಿಡಿಯದೆ ಫೈಲ್ ಹುಡುಕುವಾಗ, ಸಿಕ್ಕ ಫೈಲಿನ ಬಳಕೆ ಎಣಿಕೆಯನ್ನು ಒಂದು ಏರಿಸಬೇಕು. ಆದರೆ ಹುಡುಕಿದ್ದಕ್ಕೂ ಏರಿಸುವುದಕ್ಕೂ ನಡುವೆ ಇನ್ನೊಬ್ಬರು ಅದನ್ನು ಸೊನ್ನೆಗೆ ಇಳಿಸಿಬಿಟ್ಟಿರಬಹುದು. ಬರೀ ಅಟಾಮಿಕ್ ಆಗಿ ಕೂಡಿದರೆ ಸತ್ತದ್ದಕ್ಕೆ ಜೀವ ಬಂದಂತೆ ಕಾಣುತ್ತದೆ. ಹಾಗಾಗಿ ಅವರು ‘ಸೊನ್ನೆಯಲ್ಲದಿದ್ದರೆ ಮಾತ್ರ ಕೂಡು’ ಎಂಬುದನ್ನೇ ಒಡೆಯಲಾಗದ ಒಂದು ಕ್ರಿಯೆಯಾಗಿ ಕಟ್ಟಿದರು. ಪಠ್ಯದ ಗ್ರಾಹಕ ಬಿಡಿಬಿಡಿಯಾಗಿ ಮಾಡುವ ನೋಟವೂ ಲೆಕ್ಕವೂ ಇಲ್ಲಿ ಒಂದಾಗಿವೆ. 4-5-6ರ ಪಕ್ಕದಲ್ಲಿ ಇಡಬೇಕಾದ ಪಾಠ ಇದು; ನಮ್ಮ ತರಗತಿಗಳಲ್ಲಿ ಇದರ ಹೆಸರೇ ಕೇಳುವುದಿಲ್ಲ.

ಅಸಡ್ಡೆಯ ಬೆಲೆಯೂ ದಾಖಲಾಗಿದೆ. 2016ರ ಜನವರಿಯಲ್ಲಿ ಬಯಲಾದ ಲಿನಕ್ಸ್ ಕೀರಿಂಗ್ ದೋಷದಲ್ಲಿ ಪ್ರತಿಯೊಂದು ಏರಿಕೆಯೂ ಅಟಾಮಿಕ್ ಆಗಿಯೇ ನಡೆದಿತ್ತು. ಇಳಿಸಬೇಕಾದ ಕಡೆ ಇಳಿಸದೆ ಬಿಟ್ಟದ್ದರಿಂದ 32 ಬಿಟ್‌ಗಳ ಎಣಿಕೆ 4294967296 ಏರಿಕೆಗಳಲ್ಲಿ ಒಂದು ಸುತ್ತು ಹಾಕಿ ಸೊನ್ನೆಗೆ ಮರಳಬಹುದಿತ್ತು. ಬಳಕೆಯಲ್ಲಿದ್ದ ವಸ್ತುವನ್ನು ಕರ್ನಲ್ ಬಿಡುಗಡೆ ಮಾಡುತ್ತಿತ್ತು, ಸಾಮಾನ್ಯ ಬಳಕೆದಾರ ರೂಟ್ ಆಗಬಹುದಿತ್ತು. ಮರುವರ್ಷ 4.11ರಲ್ಲಿ, ತುದಿ ಮುಟ್ಟಿದರೆ ಸುತ್ತದೆ ಅಲ್ಲೇ ನಿಲ್ಲುವ ‘ರೆಫ್‌ಕೌಂಟ್’ ಎಂಬ ಬೇರೆಯೇ ಬಗೆಯನ್ನು ಲಿನಕ್ಸ್ ಸೇರಿಸಿಕೊಂಡಿತು.

ಅಟಾಮಿಕ್ ಪೂರ್ಣಾಂಕ ಒಳ್ಳೆಯ ಸಾಧನ; ಎಣಿಕೆ ಎಣಿಕೆಗಾಗಿ ಮಾತ್ರ ಇರುವಲ್ಲಿ ಅದು ಸಾಕು. ಎಣಿಕೆಯನ್ನು ನೋಡಿ ಏನನ್ನಾದರೂ ಮಾಡಬೇಕಾದಲ್ಲಿ ಅಟಾಮಿಕ್ ಆಗಬೇಕಾದದ್ದು ಕೂಡುವುದಲ್ಲ, ನೋಡಿ ಮಾಡುವ ಇಡೀ ಕ್ರಿಯೆ. ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: 4-5-6ರ ಪುಟಕ್ಕೆ ಹತ್ತು ನಿಮಿಷ ಕೊಡಿ, ಇಬ್ಬರು ಗ್ರಾಹಕರ ಆ ಪ್ಯಾರಾಕ್ಕೆ ಉಳಿದ ಪೀರಿಯಡ್ ಕೊಡಿ, ಪರೀಕ್ಷೆಯಲ್ಲೂ ಅದನ್ನೇ ಕೇಳಿ.