ಪುಣೆಯ ವರ್ಣನಾತ್ಮಕ ವಿಧಾನ ಮತ್ತು ಡಿ.ಎನ್. ಶಂಕರ ಭಟ್ಟರ ವ್ಯಾಕರಣ ವಿಚಾರ

ಡಿ.ಎನ್. ಶಂಕರ ಭಟ್ಟರು (ಜನನ 1935) ಎರಡು ವರ್ಗದ ಓದುಗರಿಗೆ ಎರಡು ಬಗೆಯಾಗಿ ಪರಿಚಿತರು. ಕರ್ನಾಟಕದಲ್ಲಿ ಅವರ ಹೆಸರು ಮಹಾಪ್ರಾಣಾಕ್ಷರಗಳನ್ನು ಬರಹದಿಂದ ಕೈಬಿಡಬೇಕೆಂಬ ವಾದದೊಡನೆ ಸೇರಿಕೊಂಡಿದೆ. ಹೊರನಾಡಿನ ಭಾಷಾವಿಜ್ಞಾನಿಗಳು ಅವರನ್ನು ಜಗತ್ತಿನ ಭಾಷೆಗಳ ರಚನೆಯನ್ನು ಹೋಲಿಸಿ ನೋಡಿದ ವಿದ್ವಾಂಸರೆಂದು ಬಲ್ಲರು. ಈ ಎರಡಕ್ಕೂ ಮೂಲವಾದ ಪುಣೆಯ ವಿಧಾನವನ್ನು ಗುರುತಿಸಿ, ಅದರ ಅನ್ವಯದಲ್ಲಿ ಕಂಡುಬರುವ ಒಂದು ಕೊರತೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಸ್.ಎಂ. ಕತ್ರೆ ಅವರ ನಿರ್ದೇಶನದಲ್ಲಿದ್ದ ಡೆಕ್ಕನ್ ಕಾಲೇಜಿನಲ್ಲಿ 1950ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ನಡೆದ ಭಾಷಾ ಯೋಜನೆಯು ಅಮೆರಿಕದ ಸಂರಚನಾತ್ಮಕ ಭಾಷಾವಿಜ್ಞಾನಕ್ಕೆ ಭಾರತದಲ್ಲಿ ನೆಲೆ ಒದಗಿಸಿತು. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವಿವರಣೆ 1958ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಭಟ್ಟರ ತುಳು ವಿಶ್ಲೇಷಣೆ (1967), ಕೊರಗ ಭಾಷೆಯ ವ್ಯಾಕರಣ ಹಾಗೂ ಹವ್ಯಕ ಉಪಭಾಷೆಯ ವ್ಯಾಕರಣ (ಎರಡೂ 1971) ಇದೇ ಮಾಲೆಗೆ ಸೇರುತ್ತವೆ. ಕೊರಗದಂತಹ ಭಾಷೆಗೆ ಹಿಂದಿನ ವ್ಯಾಕರಣಗಳ ಆಸರೆಯಿಲ್ಲ. ಆಡುವವರ ಮಾತಿನಲ್ಲಿ ಯಾವ ಭೇದ ಅರ್ಥಭೇದಕ್ಕೆ ಕಾರಣವಾಗುವುದೋ ಅದನ್ನೇ ಹಿಡಿದು ವ್ಯಾಕರಣವನ್ನು ಕಟ್ಟಬೇಕಾಗುತ್ತದೆ.

ಈ ಶಿಸ್ತನ್ನೇ ಅವರು ಮುಂದೆ ಕನ್ನಡಕ್ಕೂ ಅನ್ವಯಿಸಿದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಕೃತಿಯನ್ನು ಭಾಷಾಭಿಮಾನದ ಘೋಷಣೆಯೆಂದು ಓದುವುದು ಸರಿಯಲ್ಲ. ಪಂಚಮೀ ವಿಭಕ್ತಿಯನ್ನೇ ನೋಡಬಹುದು. ‘ದೆಸೆಯಿಂದ’ ಎಂಬುದು ‘ದೆಸೆ’ ಎಂಬ ನಾಮಪದಕ್ಕೆ ತೃತೀಯೆಯ ‘ಇಂದ’ ಸೇರಿ ಆದ ರೂಪ. ಅದನ್ನು ಬೇರೊಂದು ಪ್ರತ್ಯಯವೆಂದು ಎಣಿಸಲು ಸಂಸ್ಕೃತದ ಏಳು ವಿಭಕ್ತಿಗಳ ಲೆಕ್ಕವಲ್ಲದೆ ಬೇರೆ ಆಧಾರವಿಲ್ಲ. ಕರ್ತೃವಿನಂತಹ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಅನಿವಾರ್ಯವಲ್ಲವೆಂದು ಕನ್ನಡದ ಆಧಾರದಿಂದ ವಾದಿಸಿದ 1991ರ ಇಂಗ್ಲಿಷ್ ಗ್ರಂಥದ ಹಿಂದೆಯೂ ಇದೇ ದೃಷ್ಟಿಯಿದೆ.

ಆದರೆ ಹಳಗನ್ನಡದ ವ್ಯಾಕರಣಗಳು ಸಂಸ್ಕೃತದ ಚೌಕಟ್ಟನ್ನು ಕನ್ನಡದ ಮೇಲೆ ಹೊರಿಸಿದುವೆಂಬ ಅವರ ತೀರ್ಮಾನ ಕೇಶಿರಾಜನ ವಿಷಯದಲ್ಲಿ ಅರ್ಧಸತ್ಯ. ‘ಅತ್ತಣಿಂ’ ಎಂಬ ಪಂಚಮಿಯನ್ನು ಆತ ಹೇಳಿದ್ದು ನಿಜ. ಆದರೆ 13ನೆಯ ಶತಮಾನದ ಅದೇ ‘ಶಬ್ದಮಣಿದರ್ಪಣ’ವು ಎ, ಒ, ಱ, ೞ, ಳ ಎಂಬ ಐದನ್ನು ದೇಶೀಯವೆಂದು ಗುರುತಿಸಿ, ಋ, ಶ, ಷ, ವಿಸರ್ಗ ಮೊದಲಾದ ಹತ್ತನ್ನು ಕಳೆದು, ಕನ್ನಡದ ಶುದ್ಧಾಕ್ಷರಗಳು 47 ಎಂದು ನಿರ್ಣಯಿಸುತ್ತದೆ. ಭಾಷೆಗೆ ತನ್ನದೇ ಧ್ವನಿವ್ಯವಸ್ಥೆಯುಂಟೆಂಬ ಅರಿವಿಲ್ಲದೆ ಈ ನಿರ್ಣಯ ಸಾಧ್ಯವಾಗುತ್ತಿರಲಿಲ್ಲ. ಭಟ್ಟರಿಗೆ ಇಲ್ಲಿ ಒಬ್ಬ ಪೂರ್ವಸೂರಿಯಿದ್ದನು.

ಗಮನಾರ್ಹವೆಂದರೆ, ಕೇಶಿರಾಜನು ಮಹಾಪ್ರಾಣಗಳನ್ನು ಕಳೆಯಲಿಲ್ಲ. ಬಹುಪಾಲು ಜನರ ಉಚ್ಚಾರಣೆಯಲ್ಲಿ ಅವು ಇಲ್ಲವೆಂಬ ಭಟ್ಟರ ವಾದವನ್ನು ಒಪ್ಪಬಹುದು. ಶಾಲೆಯ ಮಕ್ಕಳ ಮೇಲಿನ ಹೊರೆಯ ಬಗೆಗಿನ ಅವರ ಕಾಳಜಿಯೂ ಲಘುವಾದುದಲ್ಲ. ಆದರೆ ಬರಹವೂ ಒಂದು ವ್ಯವಸ್ಥೆ. ‘ದನ’, ‘ಧನ’ ಎಂಬಲ್ಲಿ ಕಿವಿಗೆ ಕೇಳದ ಭೇದವನ್ನು ಕಣ್ಣು ಓದುತ್ತದೆ. ಮಾತಿನಲ್ಲಿ ಸಂದರ್ಭವೇ ಅರ್ಥವನ್ನು ತಿಳಿಸುವುದೆಂಬ ಸಮಾಧಾನವು ಶಾಸನ, ಕಾವ್ಯಗಳ ಓದಿಗೆ ಸಾಲದು. ಭೇದವೇ ಪ್ರಮಾಣವೆಂಬ ಪುಣೆಯ ಸೂತ್ರವನ್ನು ಬರಹಕ್ಕೂ ಅನ್ವಯಿಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು.

ಲಿಪಿಯ ಕುರಿತ ವಿವಾದದ ನೆಪದಿಂದ ಭಟ್ಟರ ವ್ಯಾಕರಣವನ್ನೇ ಬದಿಗಿಡುವುದು ನಮ್ಮ ವಿದ್ವತ್ತಿಗೆ ನಷ್ಟ. ಅವರ 1967ರ ತುಳು ಗ್ರಂಥವನ್ನೂ 2000ದ ಕನ್ನಡ ಗ್ರಂಥವನ್ನೂ ‘ಶಬ್ದಮಣಿದರ್ಪಣ’ದೊಡನೆ ಒಟ್ಟಿಗಿಟ್ಟು ಓದುವ ಕೆಲಸ ಆಗಬೇಕಾಗಿದೆ. ಈ ವಿವಾದದ ಕಾವಿನಿಂದ ದೂರವಿರುವ ಹೊರನಾಡಿನ ಸಂಶೋಧಕರು ಅದನ್ನು ಕೈಗೊಳ್ಳುವುದು ಉಚಿತ.